ಕೊಟ್ಟಿಗೆ ಬಾಗಿಲಿನ ಚೈನು

ಯರಗಟ್ಟಿಯ ಬಸ್ ಸ್ಟ್ಯಾಂಡಿನ ಹಿಂಬದಿಗೆ ತಗಡಿನ ಶೆಡ್ಡೊಂದಿತ್ತು. ಅದಕ್ಕೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮುಂದಿನ ಬೇವಿನ ಗಿಡದ ಟೊಂಗೆಗೆ ಸವೆದ ಚೈನುಗಳು ಜೋತು ಬಿದ್ದಿರುತ್ತಿದ್ದವು. ಗಾಳಿ ಬಿಟ್ಟಾಗ ಒಂದಕ್ಕೊಂದು ತಾಗಿ ಗಿಲಿಗಿಲಿ ಅನ್ನುತ್ತಿದ್ದವು. ಆ ಸಪ್ಪಳ ಹಿಡಿದು ಹೋದರೆ ಲಗಮಣ್ಣ ಸಿಗುತ್ತಿದ್ದ. ಮೊಣಕೈ ತನಕ ಮಸಿ, ಬಡಗಿಯ ಪೆನ್ಸಿಲಿನ ಹಾಗೆ ಕಿವಿಯ ಮೇಲೆ ಸಿಕ್ಕಿಸಿಕೊಂಡ ಸಣ್ಣದೊಂದು ಅರ, ಮುಖದ ಮೇಲೆ ಯಾವಾಗಲೂ ಯಾರೋ ತನ್ನ ಮಾತು ಕೇಳಲಿಲ್ಲವೆಂಬ ಸಿಡುಕು.

ಎಪ್ಪತ್ತರ ದಶಕದ ನಡುವಿನ ಮಾತು ಇದು. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಹಳ್ಳಿದಾರಿಗಳಲ್ಲಿ ಓಡುತ್ತಿದ್ದ ಫಟಫಟಿ ಮೋಟಾರ್ ಸೈಕಲ್ಲುಗಳಲ್ಲಿ ಬಹಳಷ್ಟು ಬೆಳಗಾವಿಯ ಮಿಲಿಟರಿ ಹರಾಜಿನಲ್ಲಿ ಬಂದಂಥವು. ಯುದ್ಧ ಕಂಡ ಗಾಡಿಗಳು; ಕಾಣದಿದ್ದರೂ ಕಂಡಿವೆ ಎಂದೇ ಮಾಲೀಕರು ಹೇಳುತ್ತಿದ್ದರು. ಹತ್ತಿ ದಲಾಲರು, ಸಾಲಿ ಮಾಸ್ತರರು, ದನದ ಡಾಕ್ಟರು ಇವನ್ನು ಕೊಂಡು ಎರೆಹೊಲದ ಹಾದಿಗೆ ಇಳಿಸಿದ್ದರು. ಮಳೆಗಾಲದಲ್ಲಿ ಎರೆಮಣ್ಣು, ಬೇಸಿಗೆಯಲ್ಲಿ ಮೊಣಕಾಲುದ್ದ ಧೂಳು, ನಡುವೆ ಹಳ್ಳ ಬಂದರೆ ಉಸುಕು. ಯಾವ ಶತ್ರುವೂ ಮಾಡದಷ್ಟು ಹಾನಿಯನ್ನು ನಮ್ಮ ಹಾದಿ ಆ ಗಾಡಿಗಳಿಗೆ ಮಾಡಿತು. ಇಂಜಿನ್ನು ತಡೆದುಕೊಳ್ಳುತ್ತಿತ್ತು. ತಡೆಯದೆ ಹೋದದ್ದು ಚೈನು, ಮತ್ತೆ ಚೈನು ಸುತ್ತುವ ಹಲ್ಲಿನ ಚಕ್ರಗಳು: ಇಂಜಿನ್ನಿನ ಕಡೆ ಒಂದು ಸಣ್ಣದು, ಹಿಂದಿನ ಗಾಲಿಗೆ ಒಂದು ದೊಡ್ಡದು.

ಹೊಸ ಚಕ್ರ ವಿಲಾಯತಿಯಿಂದ ಬರಬೇಕಿತ್ತು, ಬರುತ್ತಿರಲಿಲ್ಲ. ಆದ್ದರಿಂದ ಎಲ್ಲರೂ ಲಗಮಣ್ಣನ ಹತ್ತಿರ ಬರುತ್ತಿದ್ದರು. ಅವನು ಮೊದಲು ಹೆಬ್ಬೆರಳಿನಿಂದ ಹಲ್ಲು ಸವರುತ್ತಿದ್ದ. ಒಂದು ಮಗ್ಗುಲಿಗೆ ಸವೆದು ಕುಡಗೋಲಿನ ಹಾಗೆ ಬಾಗಿದ್ದರೆ ಚಕ್ರವನ್ನೇ ಬಿಚ್ಚಿ ತಿರುವಿ ಹಾಕಿ, ಸವೆಯದ ಮಗ್ಗುಲನ್ನು ದುಡಿಯಲು ಹಚ್ಚುತ್ತಿದ್ದ. ಚೈನು ಜಗ್ಗಿ ಉದ್ದವಾಗಿದ್ದರೆ ಗಾಲಿಯನ್ನು ಹಿಂದಕ್ಕೆ ಸರಿಸಿ ಬಿಗಿ ಮಾಡುತ್ತಿದ್ದ. ಕಟ್ಟಕಡೆಗೆ ಹಲ್ಲಿಗೆ ಗ್ಯಾಸ್ ಬೆಸುಗೆಯಲ್ಲಿ ಲೋಹ ತುಂಬಿಸಿ, ಕಿವಿಯ ಮೇಲಿನ ಅರ ತೆಗೆದು, ಒಂದೊಂದೇ ಹಲ್ಲನ್ನು ತಿಕ್ಕುತ್ತ ಕೂರುತ್ತಿದ್ದ. ರೈತರು ಚಕ್ಕಡಿ ಅಚ್ಚಿಗೆ ಹಚ್ಚುವ ಕೀಲೆಣ್ಣೆಯನ್ನೇ ಚೈನಿಗೂ ಬಳಿದುಕೊಂಡು ಬಂದಾಗ ಮಾತ್ರ ಅವನ ತಲೆ ಕೆಡುತ್ತಿತ್ತು. ಸುಟ್ಟ ಹುಲ್ಲಿನ ಮಸಿ ಕೂಡಿಸಿದ ಆ ಹರಳೆಣ್ಣೆ ಅಂಟಿನ ಹಾಗೆ ಉಸುಕು ಹಿಡಿದು ಚೈನನ್ನು ಒಳಗಿಂದಲೇ ಅರೆದು ಬಿಡುತ್ತದೆ.

"ಇದೇನು ಎತ್ತಿನ ಗಾಡಿ ಮಾಡೀರೇನ್ರಿ? ನಾಳೆ ಇದಕ್ಕ ಹಿಂಡೀನೂ ತಿನ್ನಸ್ತೀರಿ," ಎಂದು ದನದ ಡಾಕ್ಟರಿಗೂ ಬಯ್ದಿದ್ದ. ಡಾಕ್ಟರು ನಕ್ಕಿದ್ದರು. ಬೇರೆ ಗತಿ ಏನಿತ್ತು?

ಈ ಕೆಲಸ ಅವನು ಕಲಿತದ್ದು ಬೈಲಹೊಂಗಲದ ಜಮಾಲಸಾಬನ ಕೈಯಲ್ಲಿ. ಜಮಾಲಸಾಬ ಹತ್ತಿಕಾಳು ಬಿಡಿಸುವ ಅರಳಿ ಗಿರಣಿಗಳ ಯಂತ್ರ ದುರಸ್ತಿ ಮಾಡುವ ಉಸ್ತಾದ. ಹತ್ತಿಯ ಎಳೆ ಮೀಸೆಗೆ ಹತ್ತಿ ಹತ್ತಿ ಅವನ ಮೀಸೆ ಪ್ರಾಯದಲ್ಲೇ ಬಿಳಿಯಾಗಿತ್ತು. ಶಿಷ್ಯನಿಗೆ ಅವನು ಹೇಳಿಕೊಟ್ಟ ಮೊದಲ ಪಾಠ ಇಷ್ಟೇ: ಚೈನು, ಸಣ್ಣ ಚಕ್ರ, ದೊಡ್ಡ ಚಕ್ರ, ಹಾಕಿದರೆ ಮೂರನ್ನೂ ಹೊಸದು ಹಾಕು, ಇಲ್ಲವಾದರೆ ಮೂರನ್ನೂ ಹಾಗೇ ಬಿಡು. ಕೂಡಿ ಸವೆದದ್ದು ಒಂದಕ್ಕೊಂದು ಹೊಂದಿಕೊಂಡಿರುತ್ತದೆ. ನಡುವೆ ಹೊಸದೊಂದನ್ನು ತಂದು ಸೇರಿಸಿದರೆ ಅದು ಹಳೆಯ ಹಲ್ಲಿನ ಮೇಲೆ ಕೂರುವುದಿಲ್ಲ, ಏರುತ್ತದೆ. ಲಗಮಣ್ಣ ಈ ಪಾಠವನ್ನು ಗಿರಾಕಿಗಳಿಗೆಲ್ಲ ಬಾಯಿಪಾಠ ಮಾಡಿಸಿದ್ದ. ಮುಂದೆ ನಡೆದದ್ದನ್ನು ಓದುವಾಗ ಇದು ನೆನಪಿರಲಿ.

ಲಗಮಣ್ಣ ಕೇರಿಯ ಮನುಷ್ಯ. ಆಗಿನ ಸರಕಾರಿ ಭಾಷೆಯಲ್ಲಿ ಹರಿಜನ, ಅವನ ಅಪ್ಪನ ಭಾಷೆಯಲ್ಲಿ ಬೌದ್ಧ. ಹಳ್ಳಿಯ ದೊಡ್ಡವರ ಭಾಷೆಯಲ್ಲಿ ಏನೆಂಬುದನ್ನು ಬರೆಯುವ ಅಗತ್ಯವಿಲ್ಲ. ಅಪ್ಪ ಮಿಲಿಟರಿಯಲ್ಲಿದ್ದು ಬಂದವನು. ಬರುವಾಗ ಒಂದು ಪೆಟ್ಟಿಗೆ, ಬುದ್ಧನ ಒಂದು ಫೋಟೋ, ಹರಾಜಿನಲ್ಲಿ ಹಿಡಿದ ಒಂದು ಫಟಫಟಿ ತಂದಿದ್ದ. ಅವನು ತೀರಿಹೋದ ಮೇಲೆ ಫೋಟೋ ಗೋಡೆಗೆ ಉಳಿಯಿತು, ಫಟಫಟಿ ಲಗಮಣ್ಣನಿಗೆ. ತಾಯಿ ತಾಯವ್ವ ಬುದ್ಧನಿಗೂ ಊದಿನಕಡ್ಡಿ ಹಚ್ಚುತ್ತಿದ್ದಳು, ಹುಣ್ಣಿಮೆ ಬಂದರೆ ಗುಡ್ಡದ ಯಲ್ಲಮ್ಮನಿಗೂ ಹಡಲಿಗೆಯ ಬುಟ್ಟಿಗೆ ನೈವೇದ್ಯ ತುಂಬುತ್ತಿದ್ದಳು. ಯಾರಿಗೂ ಬೇಜಾರು ಮಾಡುವ ಹೆಂಗಸಲ್ಲ.

ಆ ಫಟಫಟಿಯ ವಿಷಯದಲ್ಲಿ ಲಗಮಣ್ಣನಿಗೆ ಸೊಕ್ಕಿತ್ತು. ಅದನ್ನು ಎಂದೂ ನೂಕಿಕೊಂಡು ಮನೆಗೆ ಬಂದಿಲ್ಲ ಎಂಬ ಒಂದೇ ಸೊಕ್ಕು, ಆದರೆ ಗಟ್ಟಿಯಾದದ್ದು. ಅದರ ಹಿಂದಿನ ಚಕ್ರವನ್ನು ಯಾವಾಗಲೋ ತಿರುವಿ ಹಾಕಿ ಆಗಿತ್ತು. ತಿರುವಿ ಹಾಕಿದ ಮಗ್ಗುಲೂ ಸವೆದು ಹಲ್ಲುಗಳು ಮುಳ್ಳಿನಂತಾಗಿದ್ದವು. ಆದರೂ ಅದರ ಜೊತೆಗೇ ಮುದುಕಾದ ಚೈನು ಆ ಹಲ್ಲುಗಳನ್ನು ಅಪ್ಪಿಕೊಂಡು ಚಂದ ಓಡುತ್ತಿತ್ತು.

ಹೀಗಿರುವಾಗ ತಮ್ಮ ಶಟ್ಟೆಪ್ಪನಿಗೆ ಹೆಣ್ಣು ಗೊತ್ತಾಯಿತು. ಮನೋಳಿ ಕಡೆಯ ಒಂದು ಹಳ್ಳಿ. ಹೆಸರು ಹೇಳುವುದಿಲ್ಲ, ಅಲ್ಲಿಯ ಬೀಗತನ ಇನ್ನೂ ನಡೆದಿದೆ. ಹುಡುಗಿ ಕೃಷ್ಣವ್ವ, ಅವಳಪ್ಪ ಹನುಮಪ್ಪ. ಹನುಮಪ್ಪ ಮೆತ್ತಗಿನ ಮನುಷ್ಯ, ಮಾತಾಡುವಾಗ ಎದುರಿನವರ ಮುಖ ನೋಡುವ ರೂಢಿಯಿಲ್ಲ. ಮದುವೆ ಹೆಣ್ಣಿನ ಊರಲ್ಲೇ ಎಂದು ನಿಕ್ಕಿಯಾದ ಮೇಲೆ, ಎಲೆಅಡಿಕೆ ಹಾಕಿಕೊಂಡು ಎದ್ದು ಹೋಗುವಾಗ, ಬಾಗಿಲಲ್ಲಿ ನಿಂತು ಹೇಳಿದ.

"ಒಂದು ಮಾತು ಐತ್ರಿ ಬೀಗರ. ಮದಮಗನ್ನ ಹಳ್ಳದ ದಂಡೀಲೆ, ಹಿಂದಿನ ಹಾದೀಲೆ ಕರಕೊಂಡು ಬರ್ರಿ. ಅಗಸ್ಯಾಗಿಂದ ಬ್ಯಾಡ."

"ಯಾಕ?" ಎಂದ ಲಗಮಣ್ಣ, ಗೊತ್ತಿದ್ದೂ. ಅಗಸಿ ಎಂದರೆ ಊರ ಹೆಬ್ಬಾಗಿಲು, ಅದರೊಳಗೆ ದೊಡ್ಡವರ ಓಣಿ.

"ನಮ್ಮ ಕೇರಿ ಮದಿವಿಗೆ ಅಗಸ್ಯಾಗ ಕುದುರಿ ಬಂದಿಲ್ಲ. ಪದ್ಧತಿ ಇಲ್ಲ."

"ಕುದುರಿ ಯಾರು ತರತಾರ? ನನ್ನ ಮನ್ಯಾಗ ಕುದುರಿ ಎಲ್ಲೈತಿ? ಫಟಫಟಿ ಐತಿ. ಫಟಫಟಿ ತರತೇನಿ."

ಹನುಮಪ್ಪ ಯೋಚಿಸಿದ. ಫಟಫಟಿಗೆ ಪದ್ಧತಿ ಇದೆಯೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ. ಏಕೆಂದರೆ ಆ ಪ್ರಶ್ನೆಯೇ ಹಿಂದೆ ಎದ್ದಿರಲಿಲ್ಲ.

ಮದುವೆಗೆ ಎಲ್ಲವೂ ಹೊಸದಾಗಬೇಕು. ಇದು ತಾಯವ್ವನ ಹಟ. ಹೊಸ ಧೋತರ, ಹೊಸ ಚಾಪೆ, ಹೊಸ ಕೊಡ. ಫಟಫಟಿಯ ಟ್ಯಾಂಕಿಗೆ ಹೊಸ ಬಣ್ಣ ಹೊಡೆದದ್ದಾಯಿತು, ಸೀಟಿಗೆ ಹೊಸ ರೆಕ್ಸಿನ್ನು ಹಾಕಿದ್ದಾಯಿತು. ಒಂದು ದಿನ ಅಂಗಡಿಗೆ ಬುತ್ತಿ ತಂದವಳು ಬಗ್ಗಿ ನೋಡಿ, ಜೋಲು ಬಿದ್ದ ಚೈನನ್ನು ಬೆರಳಲ್ಲಿ ಎತ್ತಿ ತೋರಿಸಿದಳು.

"ಇದೊಂದು ಮುದಿ ನಾಗರ ಹಾವು ಹಂಗ ಐತೆಲ್ಲೋ. ಬಾಸಿಂಗ ಕಟಗೊಂಡ ಹುಡುಗ ಕುಂದ್ರೂ ಗಾಡಿಗೆ ಹಳೇದು ಯಾಕ ಇರಬೇಕು?"

"ಯವ್ವಾ, ಅದಕ್ಕ ಕೈ ಹಚ್ಚಬ್ಯಾಡ. ಅದು ಚಕ್ರಕ್ಕ ಹೊಂದೇತಿ."

"ಹೊಂದೂದೇನು, ಹೊಸಾದು ಹಾಕಿದ್ರ ಹೊಂದಂಗಿಲ್ಲೇನು? ನಿನ್ನ ಮದಿವ್ಯಾಗೂ ನಿಮ್ಮಪ್ಪ ಹಿಂಗ ಅಂದಿದ್ದ. ಹಳೇ ಕರೀಮಣಿ ಪೋಣಸ್ಕೊಂಡು ಬಂದಿದ್ದ. ಏನಾತು?"

ಲಗಮಣ್ಣನ ಹೆಂಡತಿ ಮದುವೆಯಾದ ವರ್ಷದಲ್ಲೇ ಜ್ವರ ಬಂದು ತೀರಿಕೊಂಡಿದ್ದಳು. ಕರಿಮಣಿಗೂ ಜ್ವರಕ್ಕೂ ಸಂಬಂಧವಿಲ್ಲವೆಂದು ಲಗಮಣ್ಣನಿಗೆ ಗೊತ್ತು. ಆದರೂ ಮರುದಿನ ಬೈಲಹೊಂಗಲಕ್ಕೆ ಹೋಗಿ ಜಮಾಲಸಾಬನ ಹತ್ತಿರ ಅಳತೆಗೆ ಸರಿಯಾದ ಹೊಸ ಚೈನು ಕೇಳಿದ.

"ಚಕ್ರ?" ಎಂದ ಉಸ್ತಾದ.

"ಸಿಗೂದಿಲ್ಲಲ್ರಿ."

ಜಮಾಲಸಾಬ ಬಿಳಿ ಮೀಸೆ ಒರೆಸಿಕೊಂಡ. ಪಾಠ ಮತ್ತೊಮ್ಮೆ ಹೇಳಲಿಲ್ಲ. "ಮದುವಿ ಮುಗದ ಮ್ಯಾಲ ಹಳೇದು ಹಾಕ್ಕೋ. ಅಲ್ಲೀತನಕ ಗಾಡಿ ಮ್ಯಾಲ ಭಾರ ಹಾಕಬ್ಯಾಡ," ಎಂದಷ್ಟೇ ಹೇಳಿ ಚೈನು ಕೊಟ್ಟ.

ಯರಗಟ್ಟಿಯ ಡಾಂಬರು ರಸ್ತೆಯಲ್ಲಿ ಒಬ್ಬನೇ ಕೂತು ಓಡಿಸಿ ನೋಡಿದ. ಬೆಣ್ಣೆಯ ಹಾಗೆ ಹೋಯಿತು. ನಾನು ಸುಮ್ಮನೆ ಹೆದರಿದ್ದೆ ಎಂದುಕೊಂಡ. ಭಾರ ಹೊತ್ತು ಏರು ಹತ್ತಿಸಿ ನೋಡಲಿಲ್ಲ. ಹಾಗೆ ನೋಡದೆ ಯಾವ ಗಿರಾಕಿಯ ಗಾಡಿಯನ್ನೂ ಅವನು ಹೊರಗೆ ಬಿಟ್ಟವನಲ್ಲ.

ಆ ವಾರದ ಸಂತೆಗೆ ಬೀಗರ ಊರಿನ ಹಿರಿಯ ಅಂದಾನೆಪ್ಪಗೌಡ ಬಂದಿದ್ದ. ಹತ್ತಿ ಮಾರಿ, ಕುರ್ಚಿ ಇದ್ದ ಅಂಗಡಿಗಳನ್ನೆಲ್ಲ ಬಿಟ್ಟು ಬೇವಿನ ಗಿಡದ ಕೆಳಗೆ ಬಂದು ನಿಂತ. ಸುದ್ದಿ ಮುಟ್ಟಿತ್ತೆಂಬುದು ನಿಲ್ಲುವ ರೀತಿಯಲ್ಲೇ ತಿಳಿಯುತ್ತಿತ್ತು.

"ಏನೋ ಲಗಮ್ಯಾ, ನಮ್ಮ ಅಗಸ್ಯಾಗ ಫಟಫಟಿ ತರತೀಯಂತ?"

"ಹೌದ್ರಿ ಗೌಡ್ರ. ಕುದುರಿ ಬ್ಯಾಡ ಅಂದೀರಂತ. ಅದಕ್ಕ."

ಗೌಡ ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಹೊಸ ಬಣ್ಣ ನೋಡಿದ. ದನದ ಡಾಕ್ಟರೂ ಪೋಸ್ಟಿನವನೂ ಅದೇ ಅಗಸಿಯಲ್ಲಿ ಫಟಫಟಿ ತರುತ್ತಿದ್ದರು. ಫಟಫಟಿ ಬೇಡವೆಂದರೆ ಯಾಕೆ ಬೇಡವೆಂದು ಬಿಡಿಸಿ ಹೇಳಬೇಕಾಗುತ್ತಿತ್ತು, ಅದೂ ಸಂತೆಯ ಜನರ ಮುಂದೆ. ಅವನು ಜಾಣ.

"ನಡಿಯೂದಾದ್ರ ನಡೀಲಿ," ಎಂದ. "ಆದ್ರ ಕೇಳು. ನಡಬರಕ ನಿಂತಿತಂದ್ರ ಮದಮಗ ಅಲ್ಲೇ ಇಳದು, ಹಿಂದಿನ ಹಾದಿ ಹಿಡೀಬೇಕು. ನಮ್ಮ ಓಣ್ಯಾಗ ಜಾತ್ರಿ ನಡಸೂ ಹಂಗಿಲ್ಲ."

"ನನ್ನ ಗಾಡಿ ನಿಂದ್ರೂದಿಲ್ರಿ."

ಲಗಮಣ್ಣನ ಮಾತು ಮುಗಿಯುವಷ್ಟರಲ್ಲಿ ಗೌಡನ ಕಣ್ಣು ಟೊಂಗೆಯ ಮೇಲೆ ಬಿದ್ದಿತ್ತು. ತೆಗೆದು ಹಾಕಿದ ಹಳೆಯ ಚೈನು ಅಲ್ಲಿ ಜೋತಾಡುತ್ತಿತ್ತು. ಹಳ್ಳಿಯವರು ಇಂಥ ಚೈನುಗಳನ್ನು ಕೇಳಿ ಒಯ್ಯುವುದಿತ್ತು, ಕೇಳದೆ ಒಯ್ಯುವುದೂ ಇತ್ತು. ನಾಯಿ ಕಟ್ಟಲು, ಬಾವಿಯ ಗಡಗಡಿಗೆ, ಬಾಗಿಲಿಗೆ ಬರುತ್ತದೆ. "ಕೊಟಗೀ ಬಾಗಲಾ ತಾನ ತಗೀತೈತಿ, ಇದು ಗಟ್ಟಿ ಐತಿ," ಎಂದವನೇ ಗೌಡ ಅದನ್ನು ತೆಗೆದು ಹೆಗಲ ಮೇಲಿನ ಚೀಲಕ್ಕೆ ಇಳಿಸಿಕೊಂಡು ಹೊರಟ. ಉಸ್ತಾದನ ಮಾತು ನೆನಪಾಗಿ ಲಗಮಣ್ಣ ಒಂದು ಹೆಜ್ಜೆ ಮುಂದೆ ಇಟ್ಟ. ಆದರೆ ಮದುವೆಯ ಕೆಲಸದಲ್ಲಿ ಈ ಮನುಷ್ಯನ ಜೊತೆ ಒಂದು ತುಂಡು ಕಬ್ಬಿಣಕ್ಕಾಗಿ ಯಾಕೆ ಜಗಳ ಎಂದು ಹಿಂದೆ ಸರಿದ.

ಮದುವೆಯ ದಿನ ಬಿಸಿಲು ಏರುವ ಹೊತ್ತಿಗೆ ಗಂಡಿನ ಕಡೆಯವರೆಲ್ಲ ಲಾರಿಯಿಂದ ಅಗಸಿಯ ಹೊರಗೆ ಇಳಿದರು. ಆ ಕಡೆಯ ರೂಢಿಯಂತೆ ಬಾಸಿಂಗ ಕಟ್ಟಿಕೊಂಡು ಏರಿ ಕೂತ ಮದುಮಗ ಹಂದರ ಮುಟ್ಟುವ ತನಕ ನೆಲಕ್ಕೆ ಕಾಲು ಹಚ್ಚಬಾರದು. ಹಚ್ಚಿದರೆ ಅವನಿಗಷ್ಟೇ ಅಲ್ಲ, ಯಾರ ಬಾಗಿಲ ಮುಂದೆ ಹಚ್ಚಿದನೋ ಆ ಮನೆಗೂ ಕೇಡು ಎಂಬ ನಂಬಿಕೆ. ಇದು ಕೇರಿಯ ನಂಬಿಕೆ ಮಾತ್ರವಲ್ಲ, ಊರಿನದೂ ಹೌದು. ಅದೊಂದರಲ್ಲಿ ಎರಡೂ ಕಡೆಯವರಿಗೆ ಭೇದವಿರಲಿಲ್ಲ.

ಶಟ್ಟೆಪ್ಪನನ್ನು ಎತ್ತಿ ಹಿಂದಿನ ಸೀಟಿನ ಮೇಲೆ ಕೂರಿಸಿದರು. ಲಗಮಣ್ಣ ಹೊಸ ಅಂಗಿ, ಹೊಸ ಟೊಪ್ಪಿಗೆ ಹಾಕಿಕೊಂಡು ಮುಂದೆ ಕೂತ. ಮುಂದೆ ಹಲಗೆ, ಸನಾದಿ. ಹಿಂದೆ ಆರತಿ ಹಿಡಿದ ಹೆಂಗಸರು. ಹನುಮಪ್ಪ ಅಗಸಿಯ ಹತ್ತಿರ ಬರುತ್ತಲೇ ಕೇರಿಯವರಿಗಿದ್ದ ರೂಢಿಯಂತೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಲಗಮಣ್ಣ ನೋಡಿದ. ಕ್ಲಚ್ಚು ಹಿಡಿದು ಗಾಡಿಯನ್ನು ಗೇರಿಗೆ ಹಾಕಿದ.

ಗಾಡಿ ಅಗಸಿ ದಾಟಿತು. ಓಣಿಯ ಎರಡೂ ಬದಿಗೆ ಜನ. ಕಟ್ಟೆಗಳ ಮೇಲೆ ಕೂತವರು ಕೂತಲ್ಲೇ ಇದ್ದರು, ನಿಂತವರು ನಿಂತಲ್ಲೇ. ಯಾರೂ ಬಯ್ಯಲಿಲ್ಲ, ಯಾರೂ ನಗಲಿಲ್ಲ. ಹಲಗೆಯ ಗತ್ತಿಗೆ ತಕ್ಕಂತೆ ಗಾಡಿ ನಡಿಗೆಯ ವೇಗದಲ್ಲೇ ಹೋಗಬೇಕಿತ್ತು. ಕ್ಲಚ್ಚು ಅರ್ಧ ಹಿಡಿದು, ಅರ್ಧ ಬಿಟ್ಟು, ಲಗಮಣ್ಣ ನಡೆಸುತ್ತಿದ್ದ. ಓಣಿ ನಡುವೆ ಏರು ಬರುತ್ತದೆ. ಏರಿನ ಮೇಲೆ ಅಂದಾನೆಪ್ಪಗೌಡನ ಮನೆ.

ಏರು ಹತ್ತುವಾಗ ಮೊದಲು ಕಟಕ್ ಎಂದಿತು. ಲಗಮಣ್ಣನಿಗೆ ಆ ಸಪ್ಪಳ ಏನೆಂದು ಹೇಳಿಕೊಡಬೇಕಾಗಿರಲಿಲ್ಲ. ಹೊಸ ಚೈನು ಮುಳ್ಳುಹಲ್ಲಿನ ಮೇಲೆ ಏರಿ ಜಾರುತ್ತಿತ್ತು. ಇನ್ನೊಮ್ಮೆ ಕಟಕ್. ಮತ್ತೆ ಕಟಕಟಕಟ ಎಂದು ನಾಲ್ಕಾರು ಹಲ್ಲು ಹಾರಿ, ಚೈನು ಚಕ್ರ ಬಿಟ್ಟು ಮಗ್ಗುಲಿಗೆ ಸಿಕ್ಕಿಕೊಂಡು, ಗಾಡಿ ಗಪ್ಪನೆ ನಿಂತಿತು. ನಿಂತದ್ದು ಸರಿಯಾಗಿ ಗೌಡನ ಕಟ್ಟೆಯ ಮುಂದೆ.

ಹಲಗೆಯವರು ಬಾರಿಸುವುದನ್ನು ನಿಲ್ಲಿಸಿದರು. ಲಗಮಣ್ಣನಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಗೌಡನ ಹೆದರಿಕೆಯಿಂದ ಅಲ್ಲ. ತನ್ನ ಕೈಕೆಲಸ, ತಾನೇ ಎಲ್ಲರಿಗೂ ಹೇಳಿಕೊಟ್ಟ ಪಾಠ, ತನ್ನ ತಮ್ಮನ ಮೆರವಣಿಗೆಯಲ್ಲೇ ತಪ್ಪಿತ್ತು.

ಗೌಡ ಕಟ್ಟೆಯಿಂದ ಏಳದೆಯೇ ಹೇಳಿದ. "ನಿಂತಿತು. ಇಳೀಲಿ ಇನ್ನ."

ಗಾಡಿ ನಿಲ್ಲುವುದಿಲ್ಲವೆಂದು ಮಾತು ಕೊಟ್ಟವನು ಲಗಮಣ್ಣ, ಇಳಿಸಬೇಕಾದವನೂ ಅವನೇ. ತಿರುಗಿ ತಮ್ಮನ ಮುಖ ನೋಡಿದ. ಬಾಸಿಂಗದ ಎಳೆಗಳ ಹಿಂದೆ ಶಟ್ಟೆಪ್ಪನ ಕಣ್ಣು ತುಂಬಿತ್ತು. ಲಗಮಣ್ಣ ಇಳಿಯಲು ಹೇಳಬೇಕೆಂದು ಬಾಯಿ ತೆರೆದ.

ಅಷ್ಟರಲ್ಲಿ ಬಾಗಿಲೊಳಗಿಂದ ಗೌಡನ ಹೆಂಡತಿ ದೇವಕ್ಕ ಸೆರಗು ಸರಿಮಾಡಿಕೊಳ್ಳುತ್ತ ಓಡಿಬಂದಳು.

"ಇಳಸಬ್ಯಾಡ್ರಿ! ನಿಮಗೇನು ಬುದ್ಧಿಗಿದ್ಧಿ ಐತಿಲ್ಲೋ?" ಇದು ಗಂಡನಿಗೆ. "ಬಾಸಿಂಗದ ಹುಡುಗ ನಮ್ಮ ಬಾಗಲಾ ಮುಂದ ನೆಲಕ್ಕ ಕಾಲ ಇಟ್ರ ನಮ್ಮ ಹುಡಿಗಿ ಗತಿ ಏನು? ಬರೂ ಹುಣ್ಣಿವಿಗೆ ನಮ್ಮ ಮನ್ಯಾಗ ಅಕ್ಕಿಕಾಳು ಬೀಳಬೇಕು!"

ಗೌಡನ ಮಗಳ ಮದುವೆ ನಿಶ್ಚಯವಾಗಿತ್ತು, ಜವಳಿಯೂ ಬಂದಿತ್ತು. ಮದುಮಗನನ್ನು ಹೊತ್ತು ಇಳಿಸೋಣವೆಂದರೆ, ಬಾಸಿಂಗ ಕಟ್ಟಿದವನನ್ನು ಸವಾರಿಯಿಂದ ಎತ್ತಿ ಹೊರುವುದು ಹೆಣದ ಲಕ್ಷಣ ಎಂದು ಮುದುಕಿಯರು ಒಂದೇ ಬಾಯಿಗೆ ಅಡ್ಡ ಬಂದರು. ಗಾಡಿ ನೂಕಿಕೊಂಡು ಹೋಗೋಣವೆಂದರೆ ಸಿಕ್ಕಿಕೊಂಡ ಚೈನಿಗೆ ಗಾಲಿ ತಿರುಗುತ್ತಿರಲಿಲ್ಲ.

"ಹಂಗಾದ್ರ ಕುಂದರ್ಲಿ," ಎಂದಳು ತಾಯವ್ವ ನಿಧಾನಕ್ಕೆ. "ನಮಗೇನು ಅವಸರ ಇಲ್ರಿ."

ಗಂಡಸರು ಕೂಡಿ ಗಾಡಿಯನ್ನು ಮದುಮಗನ ಸಮೇತ ಎತ್ತಿ ಸ್ಟ್ಯಾಂಡಿಗೆ ಹಾಕಿದರು. ಶಟ್ಟೆಪ್ಪ ಈಗ ಮೊದಲಿಗಿಂತ ಒಂದು ಗೇಣು ಎತ್ತರಕ್ಕೆ ಕೂತ, ಕಟ್ಟೆಯ ಮೇಲೆ ಕೂತ ಗೌಡನ ಸರಿಸಮಕ್ಕೆ. ಲಗಮಣ್ಣ ಹೊಸ ಅಂಗಿಯ ತೋಳು ಮಡಚಿ, ಸಾಮಾನಿನ ಚೀಲ ಬಿಚ್ಚಿ, ಮಣ್ಣಿನಲ್ಲಿ ಕೂತು ಸಿಕ್ಕ ಚೈನು ಬಿಡಿಸಿದ. ಮತ್ತೆ ಚಕ್ರಕ್ಕೆ ಹಾಕಿ ಗಾಲಿ ತಿರುಗಿಸಿದ. ಕಟಕ್. ಹೆಬ್ಬೆರಳಿನಿಂದ ಹಲ್ಲು ಸವರಿದ. ಚೈನು ಕಳಚಿ ನೂಕಿಕೊಂಡು ಹೋಗಲು ಅವನ ಸೊಕ್ಕು ಬಿಡಲಿಲ್ಲ, ಬೇರೆ ಉಪಾಯವೂ ಇರಲಿಲ್ಲ. ಎದ್ದು ನಿಂತು, ಗೌಡನ ಮುಖ ನೋಡದೆ, ಹೇಳಬೇಕಾದ್ದನ್ನು ಹೇಳಿದ.

"ಗೌಡ್ರ, ಈ ಚೈನು ಈ ಚಕ್ರದ ಮ್ಯಾಲ ನಿಂದ್ರೂದಿಲ್ರಿ. ಹಳೇದ ಬೇಕು. ಸಂತಿ ದಿನ ಒಯ್ದೀರಲ್ರಿ, ಅದು."

ಊರಿಗೆ ಊರೇ ಗೌಡನ ಕಡೆ ತಿರುಗಿತು. ಹಳೆಯ ಚೈನು ಮನೆಯ ಮಗ್ಗುಲಿನ ಕೊಟ್ಟಿಗೆಯ ಬಾಗಿಲಿಗೆ ಸುತ್ತಿ ಬಿಗಿದಿತ್ತು, ಎಲ್ಲರಿಗೂ ಕಾಣುವ ಹಾಗೆ.

"ಅದನ್ನ ತಗದ್ರ ದನಾ ಹೊರಗ ಬರತಾವು," ಎಂದ ಗೌಡ.

"ಹಂಗಾದ್ರ ಯರಗಟ್ಟಿಗೆ ಹೋಗಿ ಬ್ಯಾರೇದು ತರಬೇಕಾಗತೈತ್ರಿ. ಲಾರಿ ಹೊಳ್ಳಿ ಹೋಗೇತಿ, ಬಸ್ಸು ಇನ್ನ ಸಂಜೀಕ."

ಇದರಲ್ಲಿ ಕುಹಕವಿರಲಿಲ್ಲ, ಲಗಮಣ್ಣ ಇದ್ದದ್ದನ್ನೇ ಹೇಳಿದ್ದ. ಆದರೆ ಸಂಜೆಯ ತನಕ ಕೇರಿಯ ಮದುಮಗ ಬಾಸಿಂಗ ಕಟ್ಟಿಕೊಂಡು ತನ್ನ ಬಾಗಿಲ ಮುಂದೆ ದರ್ಬಾರು ಮಾಡುವುದನ್ನು ಗೌಡ ಕಣ್ಣಮುಂದೆ ಕಂಡಿರಬೇಕು. ಎದ್ದು, ಕೊಟ್ಟಿಗೆಗೆ ಹೋಗಿ, ಚೈನು ಬಿಚ್ಚಿ, ತಂದು ಲಗಮಣ್ಣನ ಮುಂದೆ ಧೂಳಿನಲ್ಲಿ ಒಗೆದ.

ಲಗಮಣ್ಣ ಎತ್ತಿಕೊಂಡು ಬಿಸಿಲಿಗೆ ಹಿಡಿದು ನೋಡಿದ. ಸಗಣಿ ಮೊದಲೇ ಮೆತ್ತಿತ್ತು, ಈಗ ಉಸುಕೂ ಹತ್ತಿತು. ಬೇರೆ ಯಾರಾದರೂ ಹಾಗೇ ಹಾಕಿಬಿಡುತ್ತಿದ್ದರೇನೋ. ಬೆಳಗಿನಿಂದ ಒಂದು ತಪ್ಪು ಆಗಿಹೋಗಿತ್ತು, ಇನ್ನೊಂದು ಅವನಿಂದ ಆಗುವಂತಿರಲಿಲ್ಲ.

"ಉಸುಕು ಹತ್ತೇತ್ರಿ. ಚಿಮಣಿ ಎಣ್ಣೀಲೆ ತೊಳದ ಹಾಕಬೇಕು. ಇಲ್ಲಂದ್ರ ಮತ್ತ ಇಲ್ಲೇ ನಿಂದರತೈತಿ."

"ಮತ್ತ ಇಲ್ಲೇ" ಎಂಬ ಮಾತಿಗೆ ದೇವಕ್ಕ ತಾನೇ ಒಳಗೆ ಓಡಿದಳು. ಒಂದು ಬೋಗುಣಿಯಲ್ಲಿ ಚಿಮಣಿಗೆ ಹಾಕುವ ಸೀಮೆಎಣ್ಣೆ ಬಂತು, ಹಿಂದೆಯೇ ಒಂದು ಹಳೆ ಅರಿವೆ ಬಂತು. ಕಟ್ಟೆಯ ಅಂಚಿಗಿಟ್ಟು ಸರಿದಳು. ಲಗಮಣ್ಣ ಚೈನನ್ನು ಬೋಗುಣಿಯಲ್ಲಿ ಮುಳುಗಿಸಿ ಒಂದೊಂದೇ ಕೊಂಡಿಯನ್ನು ಬಳುಕಿಸಿ ತೊಳೆಯತೊಡಗಿದ. ಹಳೆಯ ಚೈನು ಉದ್ದ. ಗಾಲಿಯ ನಟ್ಟು ಸಡಿಲಿಸಿ ಹಿಂದಕ್ಕೆ ಸರಿಸಬೇಕಿತ್ತು. ಬಿಸಿಲು ನೆತ್ತಿಗೆ ಬಂತು. ಮದುಮಗನ ಮುಖದಲ್ಲಿ ಬೆವರಿಳಿಯುವುದನ್ನು ಕಂಡು ಹನುಮಪ್ಪ ತನ್ನ ಕೊಡೆ ತಂದ. ಆ ಓಣಿಯಲ್ಲಿ ಅವನು ಜನ್ಮದಲ್ಲಿ ಕೊಡೆ ಬಿಚ್ಚಿರಲಿಲ್ಲ. ಬಿಚ್ಚಲೋ ಬೇಡವೋ ಎಂದು ಗೌಡನ ಕಡೆ ನೋಡಿದ.

ಗೌಡ ಅವನನ್ನು ನೋಡುವ ಸ್ಥಿತಿಯಲ್ಲಿರಲಿಲ್ಲ. ಚೈನು ಹೋದ ಮೇಲೆ ಕೊಟ್ಟಿಗೆಯ ಬಾಗಿಲು ನಿಲ್ಲುತ್ತಿರಲಿಲ್ಲ. ಒಳಗಿನ ಹೋರಿ ಒಮ್ಮೆ ಗುಮ್ಮಿದ್ದೇ ಬಾಗಿಲು ತೆರೆದುಕೊಂಡಿತ್ತು. ಗೌಡ ಓಡಿಹೋಗಿ ಎರಡೂ ಕೈಯಲ್ಲಿ ಹಿಡಿದು, ಬೆನ್ನು ಹಚ್ಚಿ ನಿಂತಿದ್ದ. ಆಳುಗಳೆಲ್ಲ ಹೊಲದಲ್ಲಿದ್ದರು. ಬಿಟ್ಟು ಬರುವಂತಿಲ್ಲ, ಕರೆದರೆ ಬರುವವರಿಲ್ಲ. ಹನುಮಪ್ಪ ಕೊಡೆ ಬಿಚ್ಚಿ ಅಳಿಯನ ತಲೆಯ ಮೇಲೆ ಹಿಡಿದ. ಹಿಡಿಯಲು ಎರಡೂ ಕೈ ಬೇಕಾದ್ದರಿಂದ ಚಪ್ಪಲಿಯನ್ನು ಕಾಲಿಗೆ ಹಾಕಿಕೊಂಡ.

ಕೊನೆಗೆ ಲಗಮಣ್ಣ ಲಾಕು ಹಾಕಿ ಗಾಲಿ ತಿರುಗಿಸಿದ. ಚೈನು ಹಲ್ಲಿನ ಮೇಲೆ ಮೆತ್ತಗೆ ಕೂತು ಸದ್ದಿಲ್ಲದೆ ಸುತ್ತಿತು. ಗಾಡಿ ಇಳಿಸಿ ಒದ್ದ. ಇಂಜಿನ್ನು ಹತ್ತಿತು, ಹಲಗೆ ಹತ್ತಿತು. ಹೊರಡುವ ಮೊದಲು ಹೊಸ ಚೈನನ್ನು ಒಯ್ದು ಗೌಡ ಹಿಡಿದು ನಿಂತ ಬಾಗಿಲಿಗೆ ತಾನೇ ಸುತ್ತಿ ಬಿಗಿದ.

"ಇದು ಇರ್ಲಿ ಬಿಡ್ರಿ. ಹೊಸಾದೈತಿ, ಭಾಳ ದಿನಾ ಬರತೈತಿ."

ಮೆರವಣಿಗೆ ಹಂದರ ಮುಟ್ಟಿತು. ಶಟ್ಟೆಪ್ಪನ ಕಾಲು ನೆಲಕ್ಕೆ ತಾಗಿದ್ದು ಅಲ್ಲಿಯೇ, ಕೃಷ್ಣವ್ವ ಹಾಕಿದ ರಂಗೋಲಿಯ ಮೇಲೆ.

ಆಮೇಲೆ ಲಗಮಣ್ಣನ ಹೆಸರು ಸಾಲಹಳ್ಳಿಯ ತನಕ, ಆ ಕಡೆ ಕಿತ್ತೂರಿನ ತನಕ ಹಬ್ಬಿತು. ಬೇಕೆಂದೇ ಗೌಡನ ಬಾಗಿಲ ಮುಂದೆ ಗಾಡಿ ನಿಲ್ಲಿಸಿದ, ಬೇಕೆಂದೇ ಹೊತ್ತು ಕಳೆದ, ಗೌಡನ ಕೈಯಲ್ಲಿ ಬಾಗಿಲು ಹಿಡಿಸಿದ ಎಂದು ಕೇರಿಕೇರಿಯಲ್ಲಿ ಕಥೆಯಾಯಿತು. ಲಗಮಣ್ಣ ಮೊದಮೊದಲು ಎಲ್ಲರಿಗೂ ತಿಳಿಸಿ ಹೇಳಿದ. "ಇಲ್ಲೋ ಮಾರಾಯಾ, ಅದು ನನ್ನ ತಪ್ಪು. ಸವದ ಚಕ್ರಕ್ಕ ಹೊಸಾ ಚೈನು ಹಾಕಿದ್ನಿ." ಕೇಳಿದವರು ಕಣ್ಣು ಮಿಟುಕಿಸಿ ಬೆನ್ನು ತಟ್ಟುತ್ತಿದ್ದರು. ಅವನಿಗೆ ಇದರಷ್ಟು ಸಿಟ್ಟು ತರಿಸುವ ಮಾತು ಇನ್ನೊಂದಿರಲಿಲ್ಲ. ಜನ ಹೊಗಳುತ್ತಿದ್ದದ್ದು ಅವನ ಜನ್ಮದಲ್ಲಿ ಕೆಟ್ಟುಹೋದ ಒಂದೇ ಕೆಲಸವನ್ನು. ಜಮಾಲಸಾಬ ಒಬ್ಬನೇ ನಂಬಿದವನು. "ಮೂರೂ ಕೂಡೇ," ಎಂದಷ್ಟೇ ಹೇಳಿ ಚಹಾ ತರಿಸಿದ.

ಆ ಮಳೆಗಾಲವಿಡೀ ಲಗಮಣ್ಣ ಬೇರೆ ಕೆಲಸ ಕಡಿಮೆ ಮಾಡಿ, ಗಿರಣಿಯ ಗುಜರಿಯಲ್ಲಿ ಸಿಕ್ಕ ಉಕ್ಕಿನ ತಟ್ಟೆಗಳನ್ನು ಕತ್ತರಿಸಿ, ದೊಡ್ಡದೊಂದು ಚಕ್ರ, ಸಣ್ಣದೊಂದು ಚಕ್ರ ಮಾಡಿದ. ಹಲ್ಲು ಒಂದೊಂದನ್ನೂ ಅರದಲ್ಲೇ ತಿಕ್ಕಿ ತೆಗೆದ. ಎರಡನ್ನೂ ಇನ್ನೊಂದು ಹೊಸ ಚೈನಿನ ಜೊತೆ ಹಾಕಿ, ಈ ಸಲ ತಾಯವ್ವನನ್ನೂ ಜೋಳದ ಚೀಲವನ್ನೂ ಹೇರಿಕೊಂಡು ಸವದತ್ತಿಯ ಗುಡ್ಡ ಹತ್ತಿಸಿ ನೋಡಿದ.

ಮರುವರ್ಷ ಹನುಮಪ್ಪನ ಅಣ್ಣ ಪರಸಪ್ಪ ಯರಗಟ್ಟಿಗೆ ಬಂದ. ಅವನ ಮಗಳ ಮದುವೆ, ಅದೇ ಊರು, ಅದೇ ಓಣಿ. ಅಳಿಯನಿಗೆ ಫಟಫಟಿ ಬೇಕು.

"ಕೊಡತೇನಿ. ನಾನ ಹೊಡಕೊಂಡು ಬರತೇನಿ," ಎಂದ ಲಗಮಣ್ಣ.

ಪರಸಪ್ಪ ಹತ್ತಿರ ಸರಿದು ದನಿ ತಗ್ಗಿಸಿದ. "ಹ್ವಾದ ವರ್ಸದಂಗ ಗೌಡನ ಮನಿ ಮುಂದ ಒಂದೀಟು ನಿಂದರಸ್ಬೇಕು ನೋಡಪಾ. ಮಂದಿ ಅದನ್ನ ನೋಡಾಕ ಬರಾಕ ಹತ್ತ್ಯಾರ."

ಲಗಮಣ್ಣ ಅರವನ್ನು ಕಿವಿಯ ಮೇಲಿಂದ ತೆಗೆದು ನೆಲಕ್ಕೆ ಕುಕ್ಕಿದ. "ನನ್ನ ಗಾಡಿ ನಿಂದ್ರೂದಿಲ್ಲ. ನಿಂದರಸೂದೂ ಇಲ್ಲ. ಬೇಕಾದ್ರ ಬಾ, ಬ್ಯಾಡಾದ್ರ ಬಿಡು."

ಮದುವೆಯ ದಿನ ಓಣಿ ತುಂಬ ಜನ. ಅಗಸಿಯಲ್ಲಿ ಈ ಸಲ ಯಾರೂ ಚಪ್ಪಲಿ ಬಿಚ್ಚಲಿಲ್ಲ, ಬಿಚ್ಚಬೇಕೆಂದು ಯಾರೂ ನೆನಪಿಸಲೂ ಇಲ್ಲ. ಹಲಗೆಯ ಗತ್ತಿಗೆ ಗಾಡಿ ನಡೆಯಿತು. ಏರು ಬಂತು. ಜನರೆಲ್ಲ ಕಟಕ್ ಎನ್ನುವ ಸಪ್ಪಳಕ್ಕೆ ಕಿವಿಗೊಟ್ಟು ನಿಂತರು.

ಲಗಮಣ್ಣ ಕತ್ತೆತ್ತಿ ನೋಡಿದ. ಕಟ್ಟೆಯ ಅಂಚಿನ ಮೇಲೆ ಬೋಗುಣಿಯಲ್ಲಿ ಚಿಮಣಿ ಎಣ್ಣೆ, ಪಕ್ಕಕ್ಕೆ ಮಡಚಿದ ಹಳೆ ಅರಿವೆ ತಯಾರಾಗಿದ್ದವು. ಕೊಟ್ಟಿಗೆಯ ಹತ್ತಿರ ಅಂದಾನೆಪ್ಪಗೌಡ ಹೋದ ವರ್ಷದ ಆ ಚೈನನ್ನು ಮೊದಲೇ ಬಿಚ್ಚಿ ಒಂದು ಕೈಯಲ್ಲಿ ಹಿಡಿದುಕೊಂಡು, ಬಾಗಿಲಿಗೆ ಬೆನ್ನು ಹಚ್ಚಿ ನಿಂತಿದ್ದ. ಒಳಗೆ ಹೋರಿ ಗುಮ್ಮುತ್ತಿತ್ತು.

"ಲಗಮಣ್ಣಾ, ಬೇಕೇನಪಾ ಇದು?" ಎಂದು ಕೂಗಿ ಕೇಳಿದ.

"ಬ್ಯಾಡ್ರಿ ಗೌಡ್ರ, ನಡದೈತಿ," ಎಂದ ಲಗಮಣ್ಣ.

ಗಾಡಿ ನಿಲ್ಲದೆ ಏರು ಹತ್ತಿ ಹಂದರದ ಕಡೆ ಇಳಿಯಿತು. ಗೌಡ ನಂಬಲಿಲ್ಲ. ಹಲಗೆಯ ಸಪ್ಪಳ ಕೇರಿ ಮುಟ್ಟಿ ನಿಲ್ಲುವ ತನಕ ಅವನು ಚೈನು ಕೈಯಲ್ಲಿ ಹಿಡಿದು, ಬಾಗಿಲಿಗೆ ಬೆನ್ನು ಕೊಟ್ಟು ಹಾಗೇ ನಿಂತಿದ್ದ.